ತೂಕದ ದೃಶ್ಯದ ಕುರಿತು ಸ್ಪಷ್ಟನೆ

ಕಾಫಿ ತೋಟದ ಕೂಲಿ ಕಾರ್ಮಿಕರ ಬದುಕನ್ನು ಕುರಿತು ಚಿಕ್ಕಮಗಳೂರಿನಲ್ಲಿ ನಮ್ಮ ತಂಡ ಆಡುತ್ತಿರುವ ನಾಟಕದಲ್ಲಿ ‘ಬೆಳೆಗಾರರೆಲ್ಲ ತೂಕದಲ್ಲಿ ಮೋಸ ಮಾಡುತ್ತಾರೆಂದು ತೋರಿಸಲಾಗಿದೆ, ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡಲು ಕಾನೂನಿನ ಅಡ್ಡಿಯಿಲ್ಲದಿದ್ದರೂ ಅದನ್ನು ಅಪರಾಧವೆಂದು ಬಿಂಬಿಸಲಾಗಿದೆ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಸಂಜೆ ಕಣದ ಅಂಚಿನಲ್ಲಿ, ಕೊಯ್ದ ಹಣ್ಣಿನ ಚೀಲಗಳನ್ನು ತೂಗಿ ಕಿಲೋ ಲೆಕ್ಕದಲ್ಲಿ ಕೂಲಿ ಬರೆಯುವಾಗ, ರೈಟರು (ತೋಟದ ಲೆಕ್ಕ ಬರೆಯುವವರು) ಚೀಲಕ್ಕೆಂದು, ಜೊತೆಗೆ ಸೇರಿದ ಎಲೆ-ಕಡ್ಡಿಗೆಂದು ಕಣ್ಣಂದಾಜಿನಲ್ಲೇ ಒಂದು ಕಿಲೋ ಕಳೆಯುತ್ತಾರೆ; ಆಗ ಒಬ್ಬ ಹೆಂಗಸು ‘ಹಂಗಾರೆ ಖಾಲಿ ಚೀಲಾನೇ ಒಂದ್ಸಲ ತೂಗಿ, ರೈಟ್ರೇ’ ಎನ್ನುತ್ತಾಳೆ. ದೃಶ್ಯ ಇರುವುದು ಇಷ್ಟೇ. ಮಾಲೀಕರು ಅಲ್ಲಿ ಇಲ್ಲವೇ ಇಲ್ಲ. ದ್ವಿತೀಯಾರ್ಧದಲ್ಲಿ ಬಂದು ಆ ಖಾಲಿ ಚೀಲವನ್ನು ತೂಗಿಸುವವರೇ ಅವರು. (ಸಂದೇಶ ಬರೆದವರು ಮಧ್ಯಂತರಕ್ಕೇ ಎದ್ದು ಹೋಗಿದ್ದಿರಬಹುದು.)

ಕೂಲಿಯ ವಿಚಾರಕ್ಕೆ ಬಂದರೆ, ಒಂದೇ ಬಗೆಯ ಕೆಲಸಕ್ಕೆ ಹೆಣ್ಣು-ಗಂಡೆಂಬ ಕಾರಣದಿಂದ ಬೇರೆ ಬೇರೆ ವೇತನ ಕೊಡುವುದನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು, ಮತ್ತು ಅದೇ ನಿಷೇಧವನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಮರಗಸಿಯಂಥ (ನೆರಳಿನ ಮರ ಹತ್ತಿ ಕೊಂಬೆ ಕಡಿಯುವಂಥ) ಬೇರೆಯೇ ಕೆಲಸಕ್ಕೆ ಬೇರೆ ದರವಿದ್ದರೆ ಆ ಪ್ರಶ್ನೆ ಬೇರೆ. ನಾಟಕದಲ್ಲಿ ಜಗಳ ನಡೆಯುವುದು ಒಂದೇ ಪಟ್ಟೆಯಲ್ಲಿ, ಅಕ್ಕಪಕ್ಕ ಕೂತು ಕಳೆ ತೆಗೆದ ಗಂಡ-ಹೆಂಡತಿಯ ಬಟವಾಡೆಯ ಬಗ್ಗೆ.

ಕಥೆ ಯಾವುದೇ ಒಂದು ತೋಟದ್ದಲ್ಲ, ಪಾತ್ರಗಳ ಹೆಸರುಗಳೆಲ್ಲ ಕಲ್ಪಿತ. ಮುಂದಿನ ಪ್ರದರ್ಶನಗಳಲ್ಲೂ ಈ ಎರಡು ದೃಶ್ಯಗಳನ್ನು ಬದಲಿಸದೆ ಆಡಲಾಗುವುದು.