ತಪ್ಪು ಎಣ್ಣೆಯದಲ್ಲ, ಸೌಟಿನದು

ಹೆಚ್ಚಿದ ತರಕಾರಿ, ಸೊಪ್ಪುಗಳನ್ನು ನಾವೇ ಬಡಿಸಿಕೊಳ್ಳುವ ಸಲಾಡ್ ಬಾರ್ ಬಗೆಗಿನ ನಿಮ್ಮ ಲೇಖನದಲ್ಲಿ 'ಡ್ರೆಸಿಂಗ್ ಕಡೆ ತಿರುಗಿಯೂ ನೋಡಬೇಡಿ' ಎಂದು ಬರೆದಿದ್ದೀರಿ. ಡ್ರೆಸಿಂಗ್ ಅಂದರೆ ಸಲಾಡ್ ಮೇಲೆ ಹಾಕಿಕೊಳ್ಳುವ ಎಣ್ಣೆ, ಮೇಯನೇಸ್‌ನಂಥದ್ದು. ಇದನ್ನು ಒಪ್ಪಲು ಆಗುತ್ತಿಲ್ಲ. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್, ಪಾಲಕ್‌ನ ವಿಟಮಿನ್ ಕೆ ಚೆನ್ನಾಗಿ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಒಂದು ಹನಿ ಎಣ್ಣೆಯೂ ಇಲ್ಲದೆ ತಟ್ಟೆ ತುಂಬ ಸೊಪ್ಪು ತಿನ್ನುವುದು ಬೇಜಾರು ಕೂಡ, ಅಲ್ವಾ?

ತಕರಾರು ಇರಬೇಕಾದ್ದು ಅಲ್ಲಿಟ್ಟಿರುವ ಸೌಟಿನ ಮೇಲೆ. ಒಂದು ಟೇಬಲ್ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ವೈಟ್‌ಫೀಲ್ಡ್‌ನ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಮೇಯನೇಸ್ ಬಟ್ಟಲಿಗೆ ಸಾರಿನ ಸೌಟನ್ನೇ ಹಾಕಿರುತ್ತಾರೆ! ನಾನು ಟೀ ಚಮಚದಲ್ಲಿ ಹಾಕಿಕೊಳ್ಳುತ್ತೇನೆ. ಎಷ್ಟೋ ಸಲ ಅದೂ ಬೇಕಾಗುವುದಿಲ್ಲ. ಹುರಿದ ಕಡ್ಲೆಕಾಯಿ ಬೀಜ, ನಿಂಬೆರಸ, ಕಾಳುಮೆಣಸಿನ ಪುಡಿ ಸಾಕು. ಕಡ್ಲೆಕಾಯಿಯಲ್ಲೇ ಬೇಕಾದಷ್ಟು ಕೊಬ್ಬಿದೆ.

ನಮ್ಮ ಕೋಸಂಬರಿ ನೋಡಿ. ನೆನೆಸಿದ ಹೆಸರುಬೇಳೆಯಿಂದ ಪ್ರೊಟೀನ್, ತೆಂಗಿನತುರಿ ಮತ್ತು ಒಗ್ಗರಣೆಯಿಂದ ಕೊಬ್ಬು, ಜೊತೆಗೆ ಸೌತೆಕಾಯಿ. ಉಪ್ಪು ಬಡಿಸುವ ಹೊತ್ತಿಗೆ ಮಾತ್ರ, ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ. ಸಲಾಡ್ ಬಾರ್‌ನಲ್ಲೂ ಇದೇ ಲೆಕ್ಕ ನಡೆಯುತ್ತದೆ. ಬೇಯಿಸಿದ ಕಾಬೂಲ್ ಕಡಲೆಯೋ ಮೊಟ್ಟೆಯೋ ಪನೀರೋ ತಟ್ಟೆಯಲ್ಲಿ ಇರಲೇಬೇಕು. ಬರೀ ಲೆಟ್ಯೂಸ್ ತಿಂದವರು ನಾಲ್ಕು ಗಂಟೆಗೆ ಪಫ್ಸ್ ಹುಡುಕಿಕೊಂಡು ಬೇಕರಿಗೆ ಹೋಗುವುದನ್ನು ದಿನಾ ನೋಡುತ್ತೇನೆ.

ಮೊಳಕೆಕಾಳು 'ಎಷ್ಟು ಬೇಕಾದರೂ ಹಾಕಿಕೊಳ್ಳಿ' ಎಂದು ನೀವು ಬರೆದಿರುವುದಕ್ಕೂ ನನ್ನ ವಿರೋಧವಿದೆ. ಮೊಳಕೆ ಬರಿಸುವ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾಗಳಿಗೂ ಹಿತ. ಎಷ್ಟು ಹೊತ್ತಿನಿಂದ ಹೊರಗಿದೆ ಎಂದು ಸುಮ್ನೆ ಕೇಳಿ ನೋಡಿ, ಸರಿಯಾದ ಉತ್ತರ ಸಿಗುವುದು ಕಷ್ಟ. ಹಬೆಯಲ್ಲಿ ಚೆನ್ನಾಗಿ ಬೇಯಿಸಿದ್ದಾದರೆ ಧಾರಾಳವಾಗಿ ಹಾಕಿಕೊಳ್ಳಬಹುದು. ಹಸಿಯದನ್ನು ನಾನಂತೂ ಮುಟ್ಟುವುದಿಲ್ಲ.