ನಮ್ಮ ಹಣ, ಅವರ ಅನುಮಾನ

ತೀರಿಕೊಂಡ ತಂದೆಯವರ ಉಳಿತಾಯ ಖಾತೆಯ ಹಣವನ್ನು ಕೇಳಲು ಹೋದರೆ, ಬ್ಯಾಂಕಿನ ಸಿಬ್ಬಂದಿಯೊಬ್ಬರು ಮರಣ ಪ್ರಮಾಣಪತ್ರವನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಖಾತೆ ನಿಷ್ಕ್ರಿಯವಾಗಿರುವುದರಿಂದ ಖಾತೆದಾರರೇ ಬಂದು ಕೆವೈಸಿ ಮಾಡಿಸಬೇಕೆಂದು ಗಂಭೀರವಾಗಿ ಹೇಳಿದರು. ಯಾವ ಲೋಕದಿಂದ ಕರೆತರಲಿ?

ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯು ಯಾವ ಅರ್ಜಿಯೂ ಇಲ್ಲದೆ, ಯಾವ ಸಾಕ್ಷಿಯ ಸಹಿಯೂ ಇಲ್ಲದೆ, ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ತಾನಾಗಿಯೇ ನಡೆದುಹೋಗುತ್ತದೆ. ಅದೇ ಹಣ ಮರಳಿ ಬರಬೇಕೆಂದರೆ ಮಾತ್ರ ವಂಶವೃಕ್ಷ, ನೋಟರಿಯ ಮುದ್ರೆ, ಅಫಿಡವಿಟ್ಟು, ಜಾಮೀನುದಾರರು, ಒಡಹುಟ್ಟಿದವರೆಲ್ಲರ ಒಪ್ಪಿಗೆ ಪತ್ರ! ಹೋಗುವಾಗ ಇಲ್ಲದ ಈ ಮಡಿವಂತಿಕೆ ಬರುವಾಗ ಎಲ್ಲಿಂದ ಬಂತು?

ಹೀಗೆ ಯಾರೂ ಕೇಳದೆ ಉಳಿದ ಠೇವಣಿಗಳನ್ನು ಹುಡುಕಲೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ತಂದ ಉದ್ಗಮ್ ಪೋರ್ಟಲ್ಲನ್ನೇ ನೋಡಿ. ಮೊಬೈಲ್ ಸಂಖ್ಯೆ, ಓಟಿಪಿ, ಸೊಟ್ಟಂಬಟ್ಟ ಅಕ್ಷರಗಳ ಕ್ಯಾಪ್ಚಾ ಎಲ್ಲವನ್ನೂ ದಾಟಿದ ಮೇಲೆ, ಹಣವಿದೆ ಎಂದು ತೋರಿಸಿ, ಪಡೆಯಲು ಆಯಾ ಬ್ಯಾಂಕಿಗೇ ಹೋಗಿ ಎಂದು ಕೈತೊಳೆದುಕೊಳ್ಳುತ್ತದೆ. ಶಾಖೆಗೆ ಹೋದರೆ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಹಾಗಾಗಿ ಅಪ್ಪ ಈಗ ಇಬ್ಬರು ವ್ಯಕ್ತಿಗಳು, ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಾದವನು ನಾನು.

ಇಷ್ಟಾದರೂ 2025ರ ಅಕ್ಟೋಬರ್‌ನಲ್ಲಿ ಇಂಥ ಹಣವನ್ನು ಹಕ್ಕುದಾರರಿಗೆ ಮರಳಿಸಲೆಂದು 'ನಿಮ್ಮ ಹಣ, ನಿಮ್ಮ ಹಕ್ಕು' ಎಂಬ ಅಭಿಯಾನ ದೇಶದಾದ್ಯಂತ ಶುರುವಾಯಿತು. ಹಕ್ಕು ನನ್ನದೆಂದು ಸರ್ಕಾರವೇ ಸಾರಿರುವಾಗ, ಅದನ್ನು ಸಾಬೀತುಪಡಿಸಲು ಮತ್ತೊಂದು ಜೆರಾಕ್ಸ್ ಪ್ರತಿ ಯಾಕೆ ಸ್ವಾಮಿ?