ಎಲ್‌ಡಿಎಲ್ ಎಷ್ಟು ಸಾರ್?

ತುಮಕೂರಿನ ಕಲ್ಯಾಣ ಮಂಟಪವೊಂದರಲ್ಲಿ ಎಲೆ ಮುಂದೆ ಕೂತಿದ್ದೆ. ಒಬ್ಬಟ್ಟು ಬಂತು, ಹಿಂದೆಯೇ ಕಾಯಿಹಾಲು, ಅದರ ಹಿಂದೆ ತುಪ್ಪದ ಹುಡುಗ. ಅವನು ಸೌಟು ಬಗ್ಗಿಸುವಷ್ಟರಲ್ಲಿ ಪಕ್ಕದ ಎಲೆಯವರು, ಗುರುತಿಲ್ಲ ಪರಿಚಯವಿಲ್ಲ, ನನ್ನ ಕಡೆ ವಾಲಿ ಕೇಳಿದರು: "ನಿಮ್ಮ ಎಲ್‌ಡಿಎಲ್ ಎಷ್ಟು ಸಾರ್?" ಅದೇ, ಡಾಕ್ಟರುಗಳು ಕೆಟ್ಟದ್ದು ಅನ್ನುವ ಕೊಲೆಸ್ಟ್ರಾಲ್.

ಹಿಂದೆಲ್ಲ ಪಂಕ್ತಿಯಲ್ಲಿ ಪಕ್ಕದವರು ಯಾವೂರು, ಯಾರ ಪೈಕಿ, ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಎಂದು ವಿಚಾರಿಸುತ್ತಿದ್ದರು. ಅದೂ ಕಿರಿಕಿರಿಯೇ, ಆದರೆ ಉತ್ತರ ಕೊಟ್ಟ ಮೇಲೆ ನೆಮ್ಮದಿಯಾಗಿ ತುತ್ತು ಇಳಿಯುತ್ತಿತ್ತು. ಈ ಮಹಾನುಭಾವರು ಉತ್ತರಕ್ಕೂ ಕಾಯಲಿಲ್ಲ. ತಮ್ಮ ಕೊಲೆಸ್ಟ್ರಾಲ್ ಏರಿದ್ದು, ಇಳಿದದ್ದು, ಮತ್ತೆ ಏರಿದ್ದು, ಅಷ್ಟೂ ಚರಿತ್ರೆಯನ್ನು ಒಬ್ಬಟ್ಟಿನಿಂದ ಹಿಡಿದು ಮಜ್ಜಿಗೆಯವರೆಗೆ ಒಪ್ಪಿಸಿದರು. ನಡುವೆ ತುಪ್ಪದ ಹುಡುಗನನ್ನು ವಾಪಸ್ ಕರೆದು ತಮ್ಮ ಎಲೆಗೆ ಇನ್ನೊಂದು ಸೌಟು ಹಾಕಿಸಿಕೊಂಡರು. "ರಾತ್ರಿ ಹೇಗೂ ಮಾತ್ರೆ ಇದೆಯಲ್ಲ" ಅಂದರು. ನನ್ನ ಒಬ್ಬಟ್ಟು ಮಾತ್ರ ಒಣಗಿಕೊಂಡು ಕೂತಿತ್ತು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದ ಮೇಲೆ ನಮ್ಮ ರಾಜ್ಯದ ಎದೆಯೊಳಗೆ ಒಂದು ಭಯ ಕೂತಿದೆ. ಆ ಭಯವನ್ನು ನಾನು ಆಡಿಕೊಳ್ಳುವವನಲ್ಲ. ಎದೆ ಹಿಡಿದುಕೊಂಡಾಗ ಗ್ಯಾಸ್ ಎಂದು ಸೋಡಾ ಕುಡಿದು ಮಲಗುವುದಕ್ಕಿಂತ ಇಸಿಜಿ ಮಾಡಿಸುವುದು ವಾಸಿ. ನನ್ನ ತಕರಾರು ಇರುವುದು ಭಯದ ಬೆನ್ನಿಗೆ ಬಂದ ಉಪದೇಶದ ಮೇಲೆ. ಬೆಳಗ್ಗೆ ಅಮಾನಿಕೆರೆ ಕಡೆ ಹೋಗಿ ನೋಡಿ. ವಾಕಿಂಗ್ ಮಾಡುವವರಿಗಿಂತ ವಾಕಿಂಗಿನ ಲಾಭ ಹೇಳುವವರೇ ಜಾಸ್ತಿ. ಬೂದುಗುಂಬಳದ ರಸ, ಹಾಗಲಕಾಯಿ ರಸ, ನೆಲ್ಲಿಕಾಯಿ ರಸ ಎಂದು ಮುಖ ಕಿವುಚಿಕೊಂಡು ಕುಡಿದು, ಪುಣ್ಯ ಸಂಪಾದಿಸಿ, ಅದೇ ಬೂಟಿನಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿಯ ಮುಂದೆ ಆ ಪುಣ್ಯವನ್ನು ಖರ್ಚು ಮಾಡುತ್ತಾರೆ. ತಿನ್ನಲಿ, ಬೇಡ ಅಂದವರು ಯಾರು? ಆದರೆ ಚಟ್ನಿ ನೆಕ್ಕುತ್ತಾ ನನ್ನ ಕಾಫಿಗೆ ಸಕ್ಕರೆ ಯಾಕೆ ಎಂದು ಕೇಳುವ ಹಕ್ಕು ಇವರಿಗೆ ಕೊಟ್ಟವರು ಯಾರು?

ಇನ್ನು ಆಸ್ಪತ್ರೆಗಳಲ್ಲಿ ಕೊಡುವ ಆಹಾರದ ಪಟ್ಟಿ. ನನ್ನ ಕೈಗೆ ಸಿಕ್ಕ ಒಂದರಲ್ಲಿ ಆಲಿವ್ ಎಣ್ಣೆ, ಆವಕಾಡೊ, ವಾಲ್‌ನಟ್, ಸಾಲ್ಮನ್ ಮೀನು ಇದ್ದವು. ಶಿರಾ, ಪಾವಗಡದ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿ ಇರಲಿಲ್ಲ. ರಾಗಿ ಇರಲಿಲ್ಲ, ಹುರುಳಿ ಇರಲಿಲ್ಲ. ಸಾಲ್ಮನ್‌ನಲ್ಲಿರುವ ಒಮೆಗಾ-3 ಕರಾವಳಿಯ ಬೂತಾಯಿಯಲ್ಲೂ ಬಂಗುಡೆಯಲ್ಲೂ ಧಾರಾಳವಾಗಿದೆ. ಅವು ಘಾಟಿ ಹತ್ತಿ ನಮ್ಮೂರಿಗೆ ಬರುತ್ತಲೂ ಇವೆ. ಪಟ್ಟಿ ಬರೆದವರು ಒಂದು ಸಲ ಸಂತೆಗೆ ಹೋಗಿಬಂದಿದ್ದರೆ ಚೆನ್ನಾಗಿತ್ತು. ಸರಿಯಾಗಿ ಏನು ತಿನ್ನಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಸೋದರತ್ತೆಯ ವಿಷಯ ಹೇಳಿಬಿಡಬೇಕು.

ಅತ್ತೆಯದು ತಿಪಟೂರು ಕಡೆ. ಮನೆ ತುಂಬ ತೆಂಗಿನಕಾಯಿ. ಅಟ್ಟದ ಮೇಲೆ ಕಾಯಿ ಪೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಲೊಟಲೊಟ ಸದ್ದು ಮಾಡುತ್ತದೆ. ಆಗ ಸುಲಿದು ಚಿಪ್ಪು ಬಿಡಿಸಿದರೆ ಉಂಡೆ ಕೊಬ್ಬರಿ. ಇಂಥ ಅಟ್ಟದ ಕೆಳಗೇ ಹುಟ್ಟಿ, ಇನ್ನೊಂದು ಅಟ್ಟದ ಮನೆ ಸೇರಿದ ಹೆಂಗಸಿಗೆ, ಕೊಲೆಸ್ಟ್ರಾಲ್ ಜಾಸ್ತಿಯಾಗಿದೆ, ಕಾಯಿ ಕಮ್ಮಿ ಮಾಡಿ ಎಂದು ಡಾಕ್ಟರೊಬ್ಬರು ಹೇಳಿದರು. ಮೊಮ್ಮಗನ ವಯಸ್ಸಿನ ಹುಡುಗ.

"ಯಾವುದಕ್ಕೆ ಕಮ್ಮಿ ಮಾಡ್ಲಪ್ಪ? ಸಾರಿಗೋ, ಪಲ್ಯಕ್ಕೋ, ಚಟ್ನಿಗೋ?"

"ಎಲ್ಲದಕ್ಕೂ ಅಜ್ಜಿ."

"ದೇವ್ರಿಗೆ ಒಡೆಯೋದು?"

"ಅಯ್ಯೋ, ದೇವ್ರಿಗೆ ಒಡೀರಿ ಅಜ್ಜಿ, ಅದಕ್ಕೇನು!"

ಡಾಕ್ಟರು ಕೆಟ್ಟದ್ದು ಅಲ್ಲೇ. ಅಂದಿನಿಂದ ಅತ್ತೆಯ ಭಕ್ತಿ ಏರಿತು ನೋಡಿ. ಸೋಮವಾರ ಈಶ್ವರನಿಗೆ, ಮಂಗಳವಾರ ಅಮ್ಮನೋರಿಗೆ, ಗುರುವಾರ ರಾಯರಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ಆಂಜನೇಯನಿಗೆ, ಭಾನುವಾರ ಮನೆದೇವರಿಗೆ. ಬುಧವಾರಕ್ಕೆ ಯಾರೂ ಸಿಗದೆ ಸ್ವಲ್ಪ ತಡಕಾಡಿ ಗಣೇಶನನ್ನು ಒಪ್ಪಿಸಿದರು. ದೇವರಿಗೆ ಒಡೆದ ಕಾಯಿಯನ್ನು ಬಿಸಾಡುವುದುಂಟೇ? ಅದು ಸಾರಿಗೇ ಹೋಗಬೇಕು, ಪಲ್ಯಕ್ಕೇ ಉದುರಬೇಕು. ಮಗ ರೇಗಿದರೆ, "ಪ್ರಸಾದ ಕಣೋ, ಹಂಗೆಲ್ಲ ಅನ್ನಬಾರ್ದು" ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದರು, ತಮ್ಮದಲ್ಲ, ಅವನದು.

ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ಓದಿ ಹೇಳಿದರು, ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲೇ ಇಲ್ಲವಂತೆ ಎಂದು. ಅತ್ತೆಗೆ ಸುಪ್ರೀಂ ಕೋರ್ಟಿನ ತೀರ್ಪು ಸಿಕ್ಕಷ್ಟು ಸಂತೋಷ. ಮಾತು ಸುಳ್ಳೇನಲ್ಲ, ಗಿಡಮರದ ಪದಾರ್ಥದಲ್ಲಿ ಅದು ಇಲ್ಲವೆನ್ನುವಷ್ಟು ಅತ್ಯಲ್ಪ. ಆದರೆ ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು. ಕಡಲೆಕಾಯಿ ಎಣ್ಣೆಯಲ್ಲಿ ಅದು 20ರ ಆಸುಪಾಸು. ಆ ಕೊಬ್ಬು ಹೆಚ್ಚಾದರೆ ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಕೆಲಸದಲ್ಲಿ ಲಿವರ್ ಸೋಮಾರಿಯಾಗುತ್ತದೆ. ಹಸಿ ಕಾಯಿಯಲ್ಲಿ ಸುಮಾರು ಅರ್ಧ ನೀರೇ, ಜೊತೆಗೆ ನಾರೂ ಇದೆ, ಹಾಗಾಗಿ ಅದು ಕೊಬ್ಬರಿಯಷ್ಟು ಜೋರಲ್ಲ. ಇಷ್ಟನ್ನೂ ನಾನು ಅತ್ತೆಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, "ಹಂಗಾರೆ ಹಸಿದೇ ಹಾಕ್ತೀನಿ ಬಿಡು" ಅಂದರು.

ಡಾಕ್ಟರೂ ಮಗನೂ ನಾನೂ ಸೇರಿ ಮಾಡಲಾಗದ್ದನ್ನು ಕೊನೆಗೆ ಮಾರುಕಟ್ಟೆ ಮಾಡಿತು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ಎರಡರಷ್ಟನ್ನೂ ದಾಟಿತು. ಅತ್ತೆಯ ಕಣ್ಣಿಗೆ ಅಟ್ಟದ ಮೇಲಿನ ಒಂದೊಂದು ಕಾಯಿಯೂ ನೋಟಾಗಿ ಕಾಣತೊಡಗಿತು. "ದೇವ್ರಿಗೆ ಹೂವೇ ಸಾಕಂತೆ ಕಣೋ, ಭಕ್ತಿ ಮುಖ್ಯ" ಎಂಬ ಹೊಸ ಸಿದ್ಧಾಂತ ಹೊರಬಿತ್ತು. ಚಟ್ನಿಗೆ ಹುರಿಗಡಲೆ, ಸಾರಿಗೆ ಬೇಯಿಸಿದ ಕಾಳನ್ನೇ ಒಂದಿಷ್ಟು ರುಬ್ಬಿ ಹಾಕುವುದು ಶುರುವಾಯಿತು. ಮುಂದಿನ ಸಲದ ರಿಪೋರ್ಟಿನಲ್ಲಿ ಎಲ್‌ಡಿಎಲ್ ಇಳಿದಿತ್ತು. ಡಾಕ್ಟರ್ ಹುಡುಗ ತನ್ನ ಮಾತ್ರೆ ಕೆಲಸ ಮಾಡಿತೆಂದು ಬೀಗಿದ. ಅತ್ತೆ ಅವನ ಸಂತೋಷವನ್ನು ಕೆಡಿಸಲಿಲ್ಲ.

ಇಷ್ಟಾದರೂ ಉಪ್ಪಿನ ಬಗ್ಗೆ ಯಾರಾದರೂ ತುಟಿ ಬಿಚ್ಚಿದರಾ? ಇದು ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ. ಕಾಯಿ ಮೇಲೆ, ತುಪ್ಪದ ಮೇಲೆ, ಮೊಟ್ಟೆಯ ಹಳದಿ ಮೇಲೆ ಎಲ್ಲರ ಕಣ್ಣು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಬಾಳಕ, ಮಜ್ಜಿಗೆಗೆ ಉದುರಿಸುವ ಚಿಟಿಕೆ, ಸಂಜೆಯ ಕುರುಕಲು ಎಲ್ಲ ಸೇರಿದರೆ ಲೆಕ್ಕ ಎಲ್ಲಿಗೆ ಮುಟ್ಟಬಹುದು ಯೋಚಿಸಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಆ ನೀರು ರಕ್ತನಾಳದಲ್ಲಿ ನಿಂತು ಬಿಪಿ ಏರಲೇಬೇಕು. ಮದುವೆ ಮನೆಯಲ್ಲಿ ನನ್ನ ಎಲ್‌ಡಿಎಲ್ ಕೇಳಿದ ಆ ಪುಣ್ಯಾತ್ಮರು ಎಲೆಯ ತುದಿಗೆ ಬಡಿಸಿದ್ದ ಉಪ್ಪನ್ನು ಅನ್ನಕ್ಕೆ ಕಲೆಸಿಕೊಂಡು, ಸಾಲದೆಂದು ಮಾವಿನಕಾಯಿ ಉಪ್ಪಿನಕಾಯಿಯನ್ನು ಎರಡು ಸಲ ಹಾಕಿಸಿಕೊಂಡರು. ನಮ್ಮ ಮುದ್ದೆಗಾದರೋ ಉಪ್ಪನ್ನೇ ಹಾಕುವುದಿಲ್ಲ. ಅದನ್ನು ಪಟ್ಟಿಯಲ್ಲಿ ಬರೆಯುವವರಿಲ್ಲ.

ಏನು ತಿನ್ನಬೇಕು ಎಂದು ಹೇಳುವುದಾಗಿ ಮೇಲೆ ಒಪ್ಪಿಕೊಂಡಿದ್ದೆ, ನೆನಪಿದೆ. ಸೊಪ್ಪು, ಕಾಳು, ಹಣ್ಣು, ಬಸ್ಸಾರು ಎಂದರೆ "ಗೊತ್ತಿರೋದೇ ಹೇಳ್ತೀರಲ್ಲ ಸಾರ್" ಅನ್ನುತ್ತೀರಿ. ಗೊತ್ತಿಲ್ಲದ್ದು ಹೇಳಬೇಕೆಂದರೆ ನಾನು ಬೂದುಗುಂಬಳದ ರಸ ಮಾರಬೇಕಾಗುತ್ತದೆ. ಹೇಗೂ ಈ ಯುಗಾದಿಗೆ ಊಟ ಅತ್ತೆ ಮನೆಯಲ್ಲಿ. ಒಬ್ಬಟ್ಟಂತೂ ಖಂಡಿತ. ಅದಕ್ಕೆ ಕಾಯಿಹಾಲು ಉಂಟೋ ಇಲ್ಲವೋ ಎಂಬುದು ತಿಪಟೂರಿನಲ್ಲಿ ಹಿಂದಿನ ವಾರದ ಕೊಬ್ಬರಿ ಟೆಂಡರು ಎಷ್ಟಕ್ಕೆ ನಿಂತಿತು ಎಂಬುದರ ಮೇಲಿದೆ.